ಗೋಡೆಯೂ ಕಾವಲೂ

ಸೆರೆಮನೆಯ ವಿಚಾರ ಸದ್ಗೃಹಸ್ಥರಿಗೆ ಏತಕ್ಕೆಂದು ವಾಚಕರು ಕೇಳಬಹುದು. ಬೆಂಗಳೂರಿನ ಕೇಂದ್ರ ಕಾರಾಗೃಹದ ಸುದ್ದಿ ಬಂದಾಗಲೆಲ್ಲ ನಮ್ಮ ಹುಲಿಕೆರೆಯ ಜಗಲಿಗಳಲ್ಲಿ ಹುಟ್ಟುವ ಮಾತು ಒಂದೇ: ಗೋಡೆಯನ್ನು ಇನ್ನೂ ಎತ್ತರಿಸಬೇಕು. ಆ ಕಾರಾಗೃಹದ ಚರಿತ್ರೆಯಾದರೋ ಬೇರೆಯದನ್ನೇ ಹೇಳುವುದು.

ಹಳೆಯ ಸೆರೆಮನೆಯು 1867ರಲ್ಲಿ ಕಟ್ಟಲ್ಪಟ್ಟು, ಈಗ ಶೇಷಾದ್ರಿ ರಸ್ತೆಯೆನಿಸಿಕೊಂಡಿರುವ ಎಡೆಯಲ್ಲಿತ್ತು. ನಡುವೆ ಒಂದು ಕಾವಲುಗೋಪುರ; ಅದರ ಸುತ್ತ ಚಕ್ರದ ಅರೆಗಳಂತೆ ಹರಡಿದ ಬಂದಿಗಳ ಸಾಲುಕೋಣೆಗಳು. ಒಬ್ಬನ ಕಣ್ಣು ಎಲ್ಲರ ಮೇಲೂ ಇರಬೇಕೆಂಬುದೇ ಆ ರಚನೆಯ ತತ್ತ್ವ. 1943ರಲ್ಲಿ ಈಸೂರಿನ ವೀರರು ಗಲ್ಲಿಗೇರಿದುದು ಅಲ್ಲಿಯೇ. 1975ರ ತುರ್ತು ಪರಿಸ್ಥಿತಿಯಲ್ಲಿ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ ಮೊದಲಾದವರು ಸ್ಥಾನಬದ್ಧರಾಗಿದ್ದುದೂ ಅಲ್ಲಿಯೇ. 2000ದ ಸುಮಾರಿಗೆ ಬಂದಿಗಳನ್ನು ಊರಾಚೆಯ ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. ಹಳೆಯ ನಿವೇಶನವು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. ಗೋಪುರ ಇಂದಿಗೂ ನಿಂತಿದೆ. ಆದರೆ ಗೋಪುರದ ಮೇಲಿನವನನ್ನು ನೋಡುವವರಾರು?

ಹೊಸ ಸೆರೆಮನೆಯಲ್ಲಿ ಗೋಡೆಗಳಿಗೆ ಕೊರತೆಯಿಲ್ಲ. ಆದರೂ 2013ರ ಸೆಪ್ಟೆಂಬರಿನಲ್ಲಿ ಒಬ್ಬ ಘೋರಾಪರಾಧಿ ಇರುಳಿನಲ್ಲಿ ಗೋಡೆ ಹತ್ತಿ ಪಾರಾದನು. ಕೆಲವೇ ದಿನಗಳಲ್ಲಿ ಸೆರೆ ಸಿಕ್ಕಿದನೆಂಬುದೇ ಸಮಾಧಾನ. 2017ರಲ್ಲಿ ಕಾರಾಗೃಹ ಇಲಾಖೆಯ ಡಿ.ಐ.ಜಿ. ಆಗಿದ್ದ ಡಿ. ರೂಪಾ ಅವರು, ಪ್ರಭಾವಶಾಲಿಗಳಿಗೆ ಅಲ್ಲಿ ವಿಶೇಷ ಸೌಕರ್ಯ ದೊರೆಯುತ್ತಿದೆಯೆಂದು ವರದಿ ಮಾಡಿದರು. 2024ರ ಆಗಸ್ಟಿನಲ್ಲಿ ವಿಚಾರಣಾಧೀನರಾಗಿದ್ದ ಪ್ರಸಿದ್ಧ ನಟರೊಬ್ಬರು ಒಳಗಣ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ಚಿತ್ರ ಹೊರಬಿದ್ದಿತು. ಹಲವು ಸಿಬ್ಬಂದಿಗಳು ಅಮಾನತಾದರು. 2025ರ ನವೆಂಬರಿನಲ್ಲಿ ಮೊಬೈಲು ಹಿಡಿದ ಬಂದಿಗಳ ದೃಶ್ಯಗಳು ಮತ್ತೆ ಪ್ರಕಟವಾದುವು. ಕರೆಗಳನ್ನು ತಡೆಯಲೆಂದು ಜಾಮರುಗಳನ್ನಿರಿಸಿದರೆ, ನೆರೆಯ ಮನೆಗಳವರು ತಮ್ಮ ದೂರವಾಣಿಗಳೇ ಮೂಕವಾದುವೆಂದು ಗೋಳಿಟ್ಟರು! ಗೋಡೆ ಹಾರಿದವನು ಒಬ್ಬ. ಬಾಗಿಲಿನಿಂದಲೇ ಒಳಹೊಕ್ಕ ಪದಾರ್ಥಗಳೋ ಅನೇಕ. ಬೇಲಿಯೇ ಎದ್ದು ಹೊಲ ಮೇಯುವಲ್ಲಿ ಬೇಲಿಯನ್ನು ಎತ್ತರಿಸಿ ಫಲವೇನು?

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಬಂಧನಾಗಾರದಲ್ಲಿ ಸ್ತ್ರೀಪುರುಷರಿಗೆ ಬೇರೆ ಬೇರೆ ಎಡೆಗಳೂ ಸುರಕ್ಷಿತವಾದ ಕೋಣೆಗಳೂ ಇರಬೇಕೆಂದು ವಿಧಿಸಿದ ಕೌಟಿಲ್ಯನು ಕಟ್ಟಡದಲ್ಲಿಯೇ ತೃಪ್ತನಾಗಲಿಲ್ಲ. ಬಂದಿಯನ್ನು ಪೀಡಿಸುವ ಅಧಿಕಾರಿಗೆ ದಂಡವನ್ನೂ, ಅವನನ್ನು ಸೆರೆಯಿಂದ ತಪ್ಪಿಸಿ ಬಿಡುವವನಿಗೆ ಸರ್ವಸ್ವಹರಣದೊಡನೆ ವಧೆಯನ್ನೂ ಅರ್ಥಶಾಸ್ತ್ರದಲ್ಲಿ ಹೇಳಿದನು. ಅಂತಹ ಕ್ರೌರ್ಯವು ಇಂದಿಗೆ ಸಲ್ಲದು. ಆದರೆ ಪೀಡೆಯೂ ಸಡಿಲಿಕೆಯೂ ಒಂದೇ ಕೈಯಿಂದ ಹುಟ್ಟುವುವೆಂಬ ಆ ದೃಷ್ಟಿ ಹಳೆಯದಾಗಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ. 2022ರ ಕೊನೆಗೆ ಭರತಖಂಡದ ಸೆರೆಮನೆಗಳಲ್ಲಿ 5,73,220 ಮಂದಿಯಿದ್ದರು. ಇದ್ದ ಸ್ಥಳವೋ 4,36,266 ಮಂದಿಗೆ ಮಾತ್ರ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನ್ಯಾಯಾಲಯವು ಇನ್ನೂ ತಪ್ಪಿತಸ್ಥರೆಂದು ತೀರ್ಮಾನಿಸದವರು. ಅವರೂ ಯಾವುದೋ ಮನೆಯ ಮಕ್ಕಳೇ. ಸೌಕರ್ಯವು ಮಾರಾಟವಾಗುವ ಎಡೆಯಲ್ಲಿ ರಕ್ಷಣೆಯೂ ಮಾರಾಟದ ಸರಕಾಗುವುದು. ಕೊಡಲು ಕಾಸಿಲ್ಲದ ಬಡವನು ಅಲ್ಲಿ ಯಾರ ಮರೆ ಹೋಗಬೇಕು? ಕಿಕ್ಕಿರಿದ ಕೋಣೆಯಲ್ಲಿ ಬಲಿಷ್ಠನ ಮಾತೇ ಶಾಸನವಾದರೆ, ಚಿಲ್ಲರೆ ಕಳವಿನ ಆರೋಪದಿಂದ ಒಳಹೊಕ್ಕ ಹುಡುಗನು ಯಾವ ವಿದ್ಯೆಯನ್ನು ಕಲಿತು ಹೊರಬರುವನೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆದುದರಿಂದ ಗೃಹಸ್ಥರು ಗೋಡೆಯ ಎತ್ತರವನ್ನಲ್ಲ, ಈ ಮೂರನ್ನು ಕೇಳತಕ್ಕದ್ದು: ಕಾವಲಿನವರ ಸಂಖ್ಯೆ ಸಾಲುವಷ್ಟಿದೆಯೆ? ಅವರನ್ನು ಹೊರಗಿನವರು ಮುನ್ಸೂಚನೆಯಿಲ್ಲದೆ ಬಂದು ಪರೀಕ್ಷಿಸುವರೆ? ವಿಚಾರಣೆಗಳು ಬೇಗನೆ ಮುಗಿಯುವುವೆ? ಕೆರೆಯ ಏರಿಯು ಒಡೆಯುವುದು ಮಹಾಪೂರದಿಂದ ಮಾತ್ರವಲ್ಲ. ಯಾರೂ ನೋಡದೆ ಬಿಟ್ಟ ಏಡಿಯ ಬಿಲದಿಂದಲೂ ಒಡೆಯುವುದು. ಏರಿಯನ್ನು ಕಟ್ಟಿದವರು ಒಮ್ಮೆ ಕಟ್ಟಿ ಹೋದರು. ಅದನ್ನು ಉಳಿಸುವವನು ದಿನವೂ ಅದರ ಮೇಲೆ ನಡೆದು ನೋಡುವ ನೀರುಗಂಟಿ.