ಹವ್ಯಾಸ ಲೋಕ: ಗೊಂಬೆ ಸಿಪಾಯಿಯ ಕಾಲಡಿಯ ನೆಲ

ಚದುರಂಗದ ಮಣೆಯ ಮೇಲೆ ಕಾಲಾಳಿಗೂ ಒಂದೇ ಮನೆ, ಆನೆಗೂ ಒಂದೇ ಮನೆ. ಯಾರು ಎಷ್ಟು ನೆಲವನ್ನು ಆಕ್ರಮಿಸಬೇಕೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮಣೆಗೆ ಗೆರೆ ಹೊಡೆದವನು ಅದನ್ನು ಎಂದೋ ಇತ್ಯರ್ಥ ಮಾಡಿಬಿಟ್ಟಿದ್ದಾನೆ. ಆದರೆ ಚದುರಂಗದ ದೂರದ ನಂಟನಾದ ಇನ್ನೊಂದು ಆಟವುಂಟು. ಅದರಲ್ಲಿ ಮನೆಗಳಿಲ್ಲ, ಗೆರೆಗಳಿಲ್ಲ. ಮೇಜಿನ ಮೇಲೆ ಗುಡ್ಡ, ಹೊಳೆ, ತೋಪು, ಹಳ್ಳಿಗಳನ್ನು ನಿರ್ಮಿಸಿ, ಬಣ್ಣ ಬಳಿದ ಕಿರುಬೊಂಬೆಗಳ ಎರಡು ಸೈನ್ಯಗಳನ್ನು ಎದುರುಬದುರಾಗಿ ನಿಲ್ಲಿಸಿ, ಅಳತೆಗೋಲನ್ನೂ ದಾಳವನ್ನೂ ಹಿಡಿದು ಆಡುವ ಸಮರಕ್ರೀಡೆ ಅದು. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಇದನ್ನು ಹವ್ಯಾಸವಾಗಿ ಬೆಳೆಸಿಕೊಂಡವರು ಬಹಳ ಮಂದಿ.

ಈ ಹವ್ಯಾಸಕ್ಕೆ ಕೈಹಾಕಿದ ಹೊಸಬನನ್ನು ಕಾಡುವ ಮೊದಲ ಪ್ರಶ್ನೆ ಬಲು ಸಣ್ಣದಾಗಿ ಕಾಣುತ್ತದೆ. ಬೊಂಬೆ ನಿಲ್ಲಬೇಕಾದರೆ ಅದರ ಕಾಲಡಿಗೆ ಒಂದು ಪುಟ್ಟ ಹಲಗೆಯನ್ನು ಅಂಟಿಸಬೇಕು. ಈ ಹಲಗೆಯನ್ನು ಪೀಠವೆನ್ನೋಣ. ಪೀಠ ಎಷ್ಟು ಅಗಲವಿರಬೇಕು? ದುಂಡಗಿರಬೇಕೋ, ಚೌಕವಾಗಿರಬೇಕೋ? ಒಂದು ಪೀಠದ ಮೇಲೆ ಒಬ್ಬನೇ ಸಿಪಾಯಿಯೋ, ನಾಲ್ವರೋ? ಸಣ್ಣದೆಂದು ಉದಾಸೀನ ಮಾಡಿದವರು ವರ್ಷಗಳ ಶ್ರಮವನ್ನು ಮತ್ತೆ ಕಿತ್ತು ಕಟ್ಟಬೇಕಾದೀತು. ಏಕೆಂದರೆ ಬೊಂಬೆಯ ಬಣ್ಣ, ಮುಖಭಾವ, ಆಯುಧಗಳೆಲ್ಲ ಕಣ್ಣಿಗೆ ಹಬ್ಬವಾದರೂ ಆಟವನ್ನು ಆಡುವುದು ಪೀಠವೇ. ಸಾಗಿದ ದೂರವನ್ನು ಅಳೆಯುವುದು ಪೀಠದ ಅಂಚಿನಿಂದ. ಶತ್ರುವನ್ನು ಮುಟ್ಟಿತೋ ಇಲ್ಲವೋ ಎಂದು ತೀರ್ಮಾನಿಸುವುದೂ ಅದರಿಂದಲೇ.

ಪೀಠದ ಪೂರ್ವಕಥೆ

೧೮೧೨ರಲ್ಲಿ ಪ್ರಷ್ಯದ ಫಾನ್ ರೈಸ್‌ವಿಟ್ಸ್ ಎಂಬಾತ ತನ್ನ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್‌ಗೆ ಒಂದು ಯುದ್ಧದಾಟವನ್ನು ಒಪ್ಪಿಸಿದನು. ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗ ಅದನ್ನು ತಿದ್ದಿ ೧೮೨೪ರಲ್ಲಿ ಪ್ರಕಟಪಡಿಸಿದನು. ಮಗನ ಆಟ ನಡೆಯುತ್ತಿದ್ದುದು ೧:೮,೦೦೦ ಪ್ರಮಾಣದ ಭೂಪಟದ ಮೇಲೆ. ಅದರ ಕಾಯಿಗಳಿಗೆ ಕೈಕಾಲುಗಳಿರಲಿಲ್ಲ. ಅವು ಬರಿಯ ಆಯತಾಕಾರದ ತುಂಡುಗಳು. ಆದರೆ ಪ್ರತಿಯೊಂದು ತುಂಡಿನ ಅಳತೆಗೂ ಅರ್ಥವಿತ್ತು: ಆ ದಳವು ನಿಜವಾದ ರಣಭೂಮಿಯಲ್ಲಿ ಎಷ್ಟು ನೆಲವನ್ನು ಹಿಡಿಯುವುದೋ ಅದೇ ಪ್ರಮಾಣಕ್ಕೆ ಕಾಯಿಯನ್ನು ಕತ್ತರಿಸಿದ್ದರು. ಭೂಪಟದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಎಂಟು ಮೀಟರ್. ೧೬೦ ಮೀಟರ್ ಉದ್ದದ ಪಂಕ್ತಿಗೆ ೨೦ ಮಿಲಿಮೀಟರಿನ ಕಾಯಿ ಸಾಕು. ಬೊಂಬೆಯಿಲ್ಲದ ಪೀಠಗಳೇ ಅಲ್ಲಿ ಯುದ್ಧ ಮಾಡುತ್ತಿದ್ದವೆನ್ನಬಹುದು.

ಬೊಂಬೆಗಳು ಬಂದುದು ಬೇರೊಂದು ಬಾಗಿಲಿನಿಂದ. ೧೮೯೩ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆಯವರು ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿದರು. ೫೪ ಮಿಲಿಮೀಟರ್ ಎತ್ತರದ ಈ ಸಿಪಾಯಿಗಳು ಮಕ್ಕಳ ಕೋಣೆಗಳನ್ನು ತುಂಬಿದವು. ಲೇಖಕ ಎಚ್. ಜಿ. ವೆಲ್ಸ್ ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಅವುಗಳೊಡನೆ ದೊಡ್ಡವರೂ ಆಡಬಹುದಾದ ನಿಯಮಗಳನ್ನು ಹಾಕಿಕೊಟ್ಟರು. ಕಾಲಾಳಿಗೆ ಒಂದು ಅಡಿ ನಡಿಗೆ, ಕುದುರೆಗೆ ಎರಡು ಅಡಿ. ಪೀಠದ ವಿಚಾರ ಅಲ್ಲಿ ತೊಡಕಾಗಲಿಲ್ಲ. ಕಾಲಡಿಯಲ್ಲಿ ಎರಕದೊಡನೆಯೇ ಬಂದ ಪಟ್ಟಿ ಬೊಂಬೆ ಬೀಳದಂತೆ ತಡೆದರೆ ಸಾಕಾಗಿತ್ತು.

೧೯೫೯ರಿಂದ ಏರ್‌ಫಿಕ್ಸ್ ಸಂಸ್ಥೆಯ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳು ಮಾರುಕಟ್ಟೆಗೆ ಬಂದವು. ಮೂರು ವರ್ಷಗಳ ತರುವಾಯ ಡೊನಾಲ್ಡ್ ಫೆದರ್‌ಸ್ಟೋನ್ ಅವರ ‘ವಾರ್ ಗೇಮ್ಸ್’ ಹೊರಬಿತ್ತು. ಸೈನ್ಯಗಳು ನೂರಾರು ಬೊಂಬೆಗಳಿಗೆ ಬೆಳೆದವು. ನೂರಾರು ಪುಟ್ಟ ಬೊಂಬೆಗಳನ್ನು ಒಂದೊಂದಾಗಿ ಎತ್ತಿಡುವುದೆಂದರೆ ಸಂಜೆಯೆಲ್ಲ ಅದರಲ್ಲಿಯೇ ಕಳೆಯಿತು! ಮೂರು ನಾಲ್ಕು ಬೊಂಬೆಗಳನ್ನು ಒಂದೇ ರಟ್ಟಿನ ಮೇಲೆ ಅಂಟಿಸಿ ಒಟ್ಟಾಗಿ ಸರಿಸುವ ಪದ್ಧತಿಗೆ ಇದೇ ದೊಡ್ಡ ಸಮರ್ಥನೆ. ಹೀಗೆ ರೈಸ್‌ವಿಟ್ಸನ ಆಯತವೂ ವೆಲ್ಸರ ಬೊಂಬೆಯೂ ಒಂದರ ಮೇಲೊಂದು ಕುಳಿತವು.

ಅಗಲದ ಸತ್ಯ, ಆಳದ ಸುಳ್ಳು

ಪೀಠಕ್ಕೆ ಎರಡು ಅಳತೆಗಳು: ಶತ್ರುವಿನತ್ತ ಮುಖಮಾಡಿದ ಬದಿಯ ಅಗಲ, ಮುಂದಿನಿಂದ ಹಿಂದಕ್ಕೆ ಇರುವ ಆಳ. ಎರಡೂ ಒಂದೇ ತೂಕದವೆಂದು ತಿಳಿಯುವುದರಿಂದಲೇ ಗೊಂದಲಗಳು ಹುಟ್ಟುತ್ತವೆ.

ನೆಪೋಲಿಯನ್ನನ ಕಾಲದ ೬೦೦ ಮಂದಿಯ ಬ್ರಿಟಿಷ್ ಪಡೆಯೊಂದು ಎರಡು ಸಾಲಾಗಿ ನಿಂತಿದೆಯೆಂದು ಭಾವಿಸೋಣ. ಒಂದು ಸಾಲಿಗೆ ೩೦೦ ಜನ. ಭುಜಕ್ಕೆ ಭುಜ ತಾಗಿ ನಿಂತವನಿಗೆ ಸುಮಾರು ೨೨ ಅಂಗುಲ ಜಾಗ. ಒಟ್ಟು ಅಗಲ ೧೬೮ ಮೀಟರ್ ಆಗುತ್ತದೆ. ಮೇಜಿನ ಮೇಲೆ ಒಂದು ಮಿಲಿಮೀಟರಿಗೆ ಒಂದು ಮೀಟರ್ ಎಂಬ ಪ್ರಮಾಣವಿಟ್ಟರೆ ೪೦ ಮಿಲಿಮೀಟರ್ ಅಗಲದ ನಾಲ್ಕು ಪೀಠಗಳು, ಅಂದರೆ ೧೬೦ ಮಿಲಿಮೀಟರ್, ಆ ಪಡೆಯನ್ನು ಬಹುಮಟ್ಟಿಗೆ ಸರಿಯಾಗಿ ಪ್ರತಿನಿಧಿಸುತ್ತವೆ. ಅಗಲದ ವಿಷಯದಲ್ಲಿ ಮೇಜು ಸತ್ಯವನ್ನು ನುಡಿಯಬಲ್ಲದು.

ಆದರೆ ಆಳ? ಆ ಎರಡು ಸಾಲುಗಳು ನಿಜವಾಗಿ ಹಿಡಿಯುತ್ತಿದ್ದ ಆಳ ಎರಡು ಮೂರು ಮೀಟರ್. ಅದೇ ಪ್ರಮಾಣಕ್ಕೆ ಪೀಠವೂ ಎರಡು ಮೂರು ಮಿಲಿಮೀಟರ್ ಆಳವಿರಬೇಕು. ಅದರ ಮೇಲೆ ೧೫ ಮಿಲಿಮೀಟರ್ ಎತ್ತರದ ಬೊಂಬೆ ಕಾಲೂರುವುದೆಲ್ಲಿ? ಆದುದರಿಂದ ೧೫ರಿಂದ ೩೦ ಮಿಲಿಮೀಟರ್ ಆಳವನ್ನು ಕೊಡುವುದು ಅನಿವಾರ್ಯ. ಇದು ಎಲ್ಲ ಆಟಗಾರರೂ ಒಪ್ಪಿ ನುಂಗಿಕೊಂಡ ಸುಳ್ಳು. ಇದನ್ನರಿತವನು ಅಗಲವನ್ನು ಲೆಕ್ಕಹಾಕಿ ಗೊತ್ತುಮಾಡುತ್ತಾನೆ. ಆಳವನ್ನು ಬೊಂಬೆಯ ಅನುಕೂಲಕ್ಕೆ ಬಿಡುತ್ತಾನೆ.

ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪಿನವರು ೧೯೯೦ರಲ್ಲಿ ಪ್ರಕಟಿಸಿದ ಡಿಬಿಎ ಎಂಬ ಪ್ರಾಚೀನ ಯುದ್ಧಗಳ ಪುಟ್ಟ ನಿಯಮಾವಳಿ ಈ ವಿವೇಕಕ್ಕೆ ಒಳ್ಳೆಯ ನಿದರ್ಶನ. ೧೫ ಮಿಲಿಮೀಟರ್ ಬೊಂಬೆಗಳಾದರೆ ಎಲ್ಲ ಪೀಠಗಳ ಅಗಲವೂ ೪೦. ೨೫ ಮಿಲಿಮೀಟರಿನವಾದರೆ ೬೦. ಒತ್ತಾಗಿ ನಿಲ್ಲುವ ಭಾಲೆಗಾರರು ಒಂದು ಪೀಠಕ್ಕೆ ನಾಲ್ವರು, ಚದರಿ ಓಡಾಡುವ ಹಗುರ ಕಾಲಾಳುಗಳು ಇಬ್ಬರು, ಆನೆ ಒಂದೇ. ಪ್ರಾಚೀನ ಭಾರತದ ಸೈನ್ಯಕ್ಕೂ ಅಲ್ಲಿ ಸ್ಥಾನವಿದೆ. ಅದರ ಆನೆಗೆ ೪೦ಕ್ಕೆ ೪೦ರ ಚೌಕ. ನೋಡಿದೊಡನೆಯೇ ಯಾರು ಒತ್ತಾಗಿದ್ದಾರೆ, ಯಾರು ಚದರಿದ್ದಾರೆ ಎಂಬುದು ತಿಳಿಯುತ್ತದೆ.

ಇದೇ ಆಟ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಒಂದು ಸೈನ್ಯಕ್ಕೆ ಹನ್ನೆರಡು ಪೀಠ. ೪೦ರಂತೆ ಸಾಲಾಗಿಟ್ಟರೆ ೪೮೦ ಮಿಲಿಮೀಟರ್. ರಣಾಂಗಣದ ಅಗಲ ೬೦೦. ಎರಡು ಪಕ್ಕಗಳಲ್ಲಿ ಉಳಿದ ಅಷ್ಟಿಷ್ಟು ಬಯಲಿನಲ್ಲಿಯೇ ಬಳಸಿ ಬಂದು ಹೊಡೆಯುವ ಚಾತುರ್ಯಕ್ಕೆ ಅವಕಾಶ. ಅದೇ ಮಣೆಯ ಮೇಲೆ ೬೦ರ ಪೀಠಗಳನ್ನು ತಂದರೆ ೭೨೦ ಮಿಲಿಮೀಟರಿನ ಸಾಲು ಮಣೆಯ ಹೊರಕ್ಕೆ ಚಾಚುತ್ತದೆ. ಅದಕ್ಕಾಗಿಯೇ ದೊಡ್ಡ ಬೊಂಬೆಗಳಿಗೆ ೯೦೦ ಮಿಲಿಮೀಟರಿನ ರಣಾಂಗಣವನ್ನು ವಿಧಿಸಿದ್ದಾರೆ. ಪೀಠವನ್ನು ಆರಿಸುವವನು ಮನೆಯ ಮೇಜನ್ನೂ ಅಳೆಯಬೇಕೆಂಬುದು ಇದರ ತಾತ್ಪರ್ಯ.

ಐದಕ್ಕೆ ನಾಲ್ಕು

ಎದುರಾಳಿಗಳ ಪೀಠಗಳು ಬೇರೆ ಬೇರೆ ಅಗಲದವಾದರೆ ಏನಾಗುತ್ತದೆ? ಒಬ್ಬನ ಸಿಪಾಯಿಗಳದು ೨೦ ಮಿಲಿಮೀಟರ್, ಇನ್ನೊಬ್ಬನವರದು ೨೫ ಎಂದಿಟ್ಟುಕೊಳ್ಳೋಣ. ನೂರು ಮಿಲಿಮೀಟರ್ ಅಗಲದಲ್ಲಿ ಮೊದಲನೆಯವನ ಐವರು ಕತ್ತಿ ಬೀಸಿದರೆ ಎರಡನೆಯವನ ನಾಲ್ವರೇ ಎದುರುನಿಲ್ಲಬೇಕು. ಶೌರ್ಯದಿಂದಲೂ ಅಲ್ಲ, ದಾಳದ ಕೃಪೆಯಿಂದಲೂ ಅಲ್ಲ. ಅಂಟಿನ ಬಲದಿಂದ ಬಂದ ಲಾಭವಿದು!

ಒಬ್ಬೊಬ್ಬನನ್ನೂ ಬಿಡಿಯಾಗಿ ನಡೆಸುವ ಆಟಗಳಲ್ಲಿ ದುಂಡುಪೀಠಗಳು ಬಳಕೆಯಲ್ಲಿವೆ. ಅಲ್ಲಿಯೂ ರೇಖಾಗಣಿತ ಬಿಡುವುದಿಲ್ಲ. ೨೫ ಮಿಲಿಮೀಟರ್ ವ್ಯಾಸದ ಪೀಠದ ಸುತ್ತ ಅದೇ ವ್ಯಾಸದ ಆರು ಪೀಠಗಳು ಮಾತ್ರ ತಾಗಿ ನಿಲ್ಲಬಲ್ಲವು. ವೀರನೊಬ್ಬನನ್ನು ಶೋಭೆಗಾಗಿ ೫೦ ಮಿಲಿಮೀಟರಿನ ಪೀಠದ ಮೇಲೆ ನಿಲ್ಲಿಸಿದರೆ ಒಂಬತ್ತು ಮಂದಿ ಅವನನ್ನು ಮುತ್ತಬಹುದು. ದೊಡ್ಡ ಪೀಠ ಗೌರವವನ್ನೇನೋ ತರುತ್ತದೆ. ಅದರೊಡನೆ ಹಗೆಗಳನ್ನೂ ತರುತ್ತದೆ.

ಅಳತೆ ಬದಲಾದಾಗ ಆಗುವ ಪಾಡನ್ನು ವಾರ್‌ಹ್ಯಾಮರ್ ಎಂಬ ಜನಪ್ರಿಯ ಆಟದ ಚರಿತ್ರೆ ಹೇಳುತ್ತದೆ. ೧೯೮೩ರಲ್ಲಿ ಹುಟ್ಟಿದ ಈ ಕಲ್ಪನಾಲೋಕದ ಯುದ್ಧದಲ್ಲಿ ಮನುಷ್ಯ ಕಾಲಾಳಿಗೆ ೨೦ ಮಿಲಿಮೀಟರ್ ಚೌಕಪೀಠ ವಾಡಿಕೆಯಾಯಿತು. ೨೦೧೫ರಲ್ಲಿ ಪ್ರಕಾಶಕರು ಹಳೆಯ ಆಟದ ಸ್ಥಾನದಲ್ಲಿ ಹೊಸದೊಂದನ್ನು ತಂದರು, ಅದಕ್ಕೆ ದುಂಡುಪೀಠ. ಹಲವರು ತಮ್ಮ ಬೊಂಬೆಗಳನ್ನು ಚೌಕದಿಂದ ಕಿತ್ತು ದುಂಡಿಗೆ ಅಂಟಿಸಿದರು. ೨೦೨೪ರಲ್ಲಿ ಹಳೆಯ ಲೋಕ ಮರಳಿ ಬಂದಿತು, ಚೌಕವೂ ಮರಳಿತು. ಆದರೆ ಈ ಬಾರಿ ಮನುಷ್ಯನಿಗೆ ೨೫ ಮಿಲಿಮೀಟರ್. ದುಂಡಿಗೆ ಹೋದವರಿರಲಿ, ಚೌಕವನ್ನೇ ನಂಬಿ ಕುಳಿತವರಿಗೂ ಐದು ಮಿಲಿಮೀಟರ್ ಕಡಮೆಬಿದ್ದಿತು. ಒಂದು ಬೊಂಬೆಗೆ ಹತ್ತೇ ನಿಮಿಷವೆಂದರೂ ಇನ್ನೂರು ಬೊಂಬೆಗಳ ಪೀಠ ಬದಲಿಸಲು ಮೂವತ್ತಮೂರು ಗಂಟೆ ಬೇಕು. ಕೀಳುವಾಗ ಮುರಿಯುವ ಕಾಲುಗಳ ಲೆಕ್ಕ ಬೇರೆ. ಹಳೆಯ ಪೀಠವನ್ನು ೨೫ರ ಮನೆಯಲ್ಲಿ ಕೂಡಿಸುವ ತಟ್ಟೆಗಳು ಮಾರಾಟಕ್ಕೆ ಬಂದುದರಿಂದ ಅನೇಕರು ಉಸಿರಾಡಿದರು.

ಆರಿಸುವ ಬಗೆ

ಹಾಗಾದರೆ ಹೊಸಬನು ಎಲ್ಲಿಂದ ತೊಡಗಬೇಕು? ಪೀಠದಿಂದಲೂ ಅಲ್ಲ, ಬೊಂಬೆಯಿಂದಲೂ ಅಲ್ಲ. ಎದುರಿಗೆ ಕುಳಿತು ಆಡುವ ಗೆಳೆಯನಿಂದ. ಆತನ ಸೈನ್ಯ ಆಗಲೇ ೪೦ ಮಿಲಿಮೀಟರಿನ ಪೀಠಗಳ ಮೇಲೆ ನಿಂತಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು. ಇಬ್ಬರ ಅಗಲವೂ ಒಂದೇ ಆಗಿದ್ದರೆ ಎಷ್ಟೋ ನಿಯಮಾವಳಿಗಳನ್ನು ಅಲ್ಪಸ್ವಲ್ಪ ಹೊಂದಾಣಿಕೆಯಿಂದ ಆಡಬಹುದು. ಗೆಳೆಯನೂ ಹೊಸಬನಾದರೆ ಇಬ್ಬರೂ ಕೂಡಿ ನಿಯಮಾವಳಿಯನ್ನು ಆರಿಸಿ ಅದು ಹೇಳಿದ ಅಗಲವನ್ನು ಹಿಡಿಯುವುದು ಮೇಲು. ದೊಡ್ಡ ಯುದ್ಧಗಳ ಮೋಹವಿದ್ದವರಿಗೆ ೧೯೯೪ರ ‘ವಾಲಿ ಅಂಡ್ ಬಯೊನೆಟ್’ನಂಥ ಆಟಗಳುಂಟು, ಅಲ್ಲಿ ಮೂರು ಅಂಗುಲದ ಒಂದು ಚೌಕವೆಂದರೆ ಇಡೀ ಒಂದು ಬ್ರಿಗೇಡು. ಅದರ ಮೇಲೆ ಎಷ್ಟು ಬೊಂಬೆಗಳಿವೆಯೆಂಬುದು ನೋಟದ ಮಾತೇ ಹೊರತು ಲೆಕ್ಕದ ಮಾತಲ್ಲ.

ಒಂದೇ ಸೈನ್ಯದಿಂದ ಹಲವು ಆಟಗಳನ್ನು ಆಡಬೇಕೆನ್ನುವವರಿಗೆ ಮಧ್ಯಮಾರ್ಗವೊಂದಿದೆ. ಬೊಂಬೆಗಳನ್ನು ಒಂದೊಂದಾಗಿ ಸಣ್ಣ ಪೀಠಗಳಿಗೆ ಅಂಟಿಸಿ, ಬೇಕಾದ ಅಗಲದ ತಟ್ಟೆಗಳಲ್ಲಿ ಸಾಲಾಗಿ ಕೂಡಿಸುವುದು. ನಿಯಮ ಬದಲಾದರೆ ತಟ್ಟೆ ಬದಲಾಗುತ್ತದೆ. ಬೊಂಬೆಯ ಕಾಲಿಗೆ ಕತ್ತಿ ತಾಗುವುದಿಲ್ಲ. ತಟ್ಟೆಯ ತಳಕ್ಕೆ ಅಯಸ್ಕಾಂತದ ಹಾಳೆಯನ್ನೂ ಪೀಠದ ಅಡಿಗೆ ಉಕ್ಕಿನ ತೆಳುತಗಡನ್ನೂ ಅಂಟಿಸಿದರೆ ಮೇಜು ಅಲುಗಿದಾಗ ಸೈನ್ಯ ಮಗುಚುವ ಭಯವಿಲ್ಲ. ಬ್ರಿಟನ್ನಿನಲ್ಲಿ ಕೆಲವರು ೨೦.೩ ಮಿಲಿಮೀಟರ್ ವ್ಯಾಸದ ಒಂದು ಪೆನ್ನಿಯ ನಾಣ್ಯವನ್ನೇ ಪೀಠವಾಗಿ ಬಳಸುತ್ತಾರೆ. ೧೯೯೨ರಿಂದ ಅದನ್ನು ತಾಮ್ರ ಲೇಪಿಸಿದ ಉಕ್ಕಿನಿಂದ ಟಂಕಿಸುತ್ತಿರುವುದರಿಂದ ಅಯಸ್ಕಾಂತಕ್ಕೂ ಅದು ಅಂಟುತ್ತದೆ.

ದಪ್ಪದ ವಿಷಯವನ್ನೂ ಮರೆಯಬಾರದು. ಎರಡು ಮೂರು ಮಿಲಿಮೀಟರ್ ದಪ್ಪದ ಹಲಗೆಯಾದರೆ ಬೆರಳು ಪೀಠದ ಅಂಚನ್ನು ಹಿಡಿಯುತ್ತದೆ. ಕಷ್ಟಪಟ್ಟು ಬಳಿದ ಬಣ್ಣವನ್ನು ಮುಟ್ಟುವುದಿಲ್ಲ. ತೆಳುವಾದ ರಟ್ಟು ಅಂಟಿನ ತೇವಕ್ಕೆ ಸೊಟ್ಟಗಾಗುತ್ತದೆ. ಮುಂದಕ್ಕೆ ಭಾಲೆ ಚಾಚಿದ ಬೊಂಬೆಯನ್ನು ಪೀಠದಲ್ಲಿ ಸ್ವಲ್ಪ ಹಿಂದಕ್ಕೆ ನಿಲ್ಲಿಸಬೇಕು. ಇಲ್ಲವಾದರೆ ಭಾಲೆಗಳು ಒಂದಕ್ಕೊಂದು ತಾಗಿ ಪೀಠಗಳು ತಾಗದೆ ಉಳಿದು, ಕದನ ನಡೆಯಿತೇ ಇಲ್ಲವೇ ಎಂಬ ವ್ಯಾಜ್ಯ ಹುಟ್ಟುತ್ತದೆ.

ಇವೆಲ್ಲವನ್ನೂ ವಿಚಾರಿಸಿದ ಮೇಲೂ ಮೊದಲ ಬೊಂಬೆಗೆ ಅಂಟು ಹಚ್ಚುವ ಮುನ್ನ ಒಂದು ಸಂಜೆಯನ್ನು ಮುಡಿಪಾಗಿಡುವುದು ಒಳ್ಳೆಯದು. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಆರಿಸಿದ ಅಳತೆಗೆ ಕತ್ತರಿಸಿ, ಒಂದೊಂದರ ಮೇಲೂ ‘ಭಾಲೆ’, ‘ಕುದುರೆ’, ‘ಆನೆ’ ಎಂದು ಬರೆದು, ಗೆಳೆಯನೊಡನೆ ಒಂದು ಪೂರ್ತಿ ಯುದ್ಧವನ್ನು ಆಡಿ ನೋಡಬೇಕು. ಸಾಲು ಮೇಜಿನಲ್ಲಿ ಹಿಡಿಸುವುದೇ, ಪಕ್ಕಗಳಲ್ಲಿ ಬಯಲು ಉಳಿಯುವುದೇ, ಇಬ್ಬರಿಗೂ ಆಟ ರುಚಿಸುವುದೇ ಎಂಬುದು ಅಂದೇ ಗೊತ್ತಾಗುತ್ತದೆ. ಅಳತೆ ತಪ್ಪಾಗಿದ್ದರೆ ಹೋಗುವುದು ನಾಲ್ಕು ತುಂಡು ರಟ್ಟು. ಮರುದಿನ ಬೇರೆ ಅಳತೆಗೆ ಕತ್ತರಿಸಿಕೊಂಡರಾಯಿತು.