ಚಿತ್ರ ಕುಗ್ಗಿತು, ಗಡಿ ಕುಗ್ಗಲಿಲ್ಲ

ಗೋಡೆಯ ಮೇಲೆ ತೂಗುವ ಭೂಪಟವು ಯಾರು ಬೆರಳಿಟ್ಟರೂ ಸುಮ್ಮನಿರುತ್ತದೆ. ವೆಬ್ ಪುಟದ ಭೂಪಟ ಹಾಗಲ್ಲ. ಅಲ್ಲಿ ಬೆಳಗಾವಿಯ ಮೇಲೆ ಬೆರಳಿಟ್ಟರೆ ಬೆಳಗಾವಿಯ ಪುಟ ತೆರೆಯಬೇಕು. ಮೈಸೂರಿನ ಮೇಲಿಟ್ಟರೆ ಮೈಸೂರಿನದು. ಒಂದೇ ಚಿತ್ರದೊಳಗೆ ಕಣ್ಣಿಗೆ ಕಾಣದ ಹಲವು ಬಾಗಿಲುಗಳು! ಈ ಏರ್ಪಾಡಿಗೆ ‘ಇಮೇಜ್ ಮ್ಯಾಪ್’ ಎಂದು ಹೆಸರು. ಮಕ್ಕಳ ಭೂಗೋಳದ ಪಾಠಕ್ಕಷ್ಟೇ ಇದು ಉಪಯೋಗವಾಗುವುದಾದರೆ ಬಾಗಿಲು ತಪ್ಪಿದರೂ ದೊಡ್ಡ ಹಾನಿಯಿಲ್ಲ. ಆದರೆ ಮಳೆಯ ಮುನ್ನೆಚ್ಚರಿಕೆಯನ್ನು ಇದೇ ಬಗೆಯ ಭೂಪಟದ ಮೂಲಕ ಕೊಟ್ಟಿದ್ದರೆ, ಕರಾವಳಿಯವರು ಬಯಲುಸೀಮೆಯ ಹವೆಯನ್ನು ಓದಿ ನಿಶ್ಚಿಂತರಾಗಿ ಮಲಗುವ ಪ್ರಸಂಗ ಒದಗೀತು.

ಈ ಏರ್ಪಾಡು ವೆಬ್ಬಿನಷ್ಟೇ ಹಳೆಯದೆಂದರೂ ಸಲ್ಲುತ್ತದೆ. 1993ರ ಮೊಸಾಯಿಕ್ ಬ್ರೌಸರಿನ ಕಾಲದಲ್ಲಿ, ಬಳಕೆದಾರನು ಚಿತ್ರದ ಯಾವ ಬಿಂದುವನ್ನು ಒತ್ತಿದನೆಂಬುದನ್ನು ದೂರದ ಸರ್ವರಿಗೆ ಬರೆದು ಕಳುಹಿಸಿ, ಅಲ್ಲಿಂದ ಬರುವ ಅಪ್ಪಣೆಗಾಗಿ ಕಾಯಬೇಕಾಗಿತ್ತು. 1996ರ ಆಗಸ್ಟಿನಲ್ಲಿ ಸ್ಪೈಗ್ಲಾಸ್ ಸಂಸ್ಥೆಯ ಜೇಮ್ಸ್ ಸೀಡ್‌ಮನ್ ಅವರು ಪ್ರಕಟಿಸಿದ ಸೂಚನೆಯೊಂದು ಈ ಲೆಕ್ಕವನ್ನು ಬಳಕೆದಾರನ ಯಂತ್ರದಲ್ಲಿಯೇ ಮಾಡುವ ದಾರಿಯನ್ನು ವಿವರಿಸಿತು. ಮರುವರ್ಷದ ಜನವರಿಯಲ್ಲಿ ಹೊರಬಂದ ಎಚ್‌ಟಿಎಂಎಲ್ 3.2ರಲ್ಲಿ ಅದು ಸೇರಿತು. ಚಿತ್ರದ ಎಡದಂಚಿನಿಂದ ಇಷ್ಟು ಪಿಕ್ಸೆಲ್, ಮೇಲಂಚಿನಿಂದ ಇಷ್ಟು ಪಿಕ್ಸೆಲ್ ಎಂದು ಗಡಿಯನ್ನು ಅಂಕಿಗಳಲ್ಲಿ ಬರೆಯುವುದು. ಆಯತಕ್ಕೆ ನಾಲ್ಕು ಅಂಕಿ, ವೃತ್ತಕ್ಕೆ ಮೂರು, ಅಂಕುಡೊಂಕಾದ ಗಡಿಗೆ ಮೂಲೆಯೊಂದಕ್ಕೆ ಎರಡರಂತೆ. ಚಿತ್ರದ ಅಳತೆ ಬದಲಾಗದಿದ್ದ ದಿನಗಳಲ್ಲಿ ಇದು ಸೊಗಸಾಗಿಯೇ ನಡೆಯಿತು.

ಆಮೇಲೆ ಫೋನು ಬಂದಿತು. ಪರದೆಯ ಅಗಲಕ್ಕೆ ತಕ್ಕಂತೆ ಪುಟವು ತಾನೇ ಹಿಗ್ಗಿ ಕುಗ್ಗಬೇಕೆಂಬ ವಿಚಾರವನ್ನು 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಅವರು ಮುಂದಿಟ್ಟರು. ‘ರೆಸ್ಪಾನ್ಸಿವ್’ ಎಂಬ ಹೆಸರು ಆಗಲೇ ಅದಕ್ಕೆ ಅಂಟಿಕೊಂಡಿತು. ಚಿತ್ರಗಳು ಒಳ್ಳೆಯ ಮಕ್ಕಳಂತೆ ಮಾತು ಕೇಳಿ ಕುಗ್ಗಿದವು. ಗಡಿಯ ಅಂಕಿಗಳು ಮಾತ್ರ ಕುಗ್ಗಲಿಲ್ಲ.

ಇದರಿಂದಾಗುವ ಅನರ್ಥವನ್ನು ಕಾಗದ, ಅಳತೆಪಟ್ಟಿ ಹಿಡಿದು ಯಾರಾದರೂ ನೋಡಬಹುದು. ನಾಲ್ಕು ಅಂಚುಗಳಿಗೂ ತಾಗುವಂತೆ ಬರೆದ ಕರ್ನಾಟಕದ ಭೂಪಟವೊಂದು 1000 ಪಿಕ್ಸೆಲ್ ಅಗಲ, 1570 ಎತ್ತರವಿರಲಿ. ಬೆಳಗಾವಿ ನಗರವು ಎಡದಿಂದ 100, ಮೇಲಿನಿಂದ 590ರ ಸುಮಾರಿಗೆ ಬೀಳುತ್ತದೆ. ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ನಗರವು 50, 295ಕ್ಕೆ ಸರಿಯಿತು. ಆದರೆ ಅದರ ಬಾಗಿಲು 100, 590ರಲ್ಲಿಯೇ ನಿಂತಿದೆ. ಕುಗ್ಗಿದ ಚಿತ್ರದಲ್ಲಿ ಅದು ಯಾವ ಊರು? ಉಡುಪಿ ಜಿಲ್ಲೆಯ ಕಾರ್ಕಳದ ಆಸುಪಾಸು! ಕಾರ್ಕಳವನ್ನು ಮುಟ್ಟಿದವನು ಬೆಳಗಾವಿಗೆ ಹೋಗುತ್ತಾನೆ. ಬೆಳಗಾವಿಯನ್ನು ಮುಟ್ಟಿದವನಿಗೆ ಬಾಗಿಲೇ ತೆರೆಯುವುದಿಲ್ಲ. ಮೈಸೂರಿನ ಬಾಗಿಲು 1400ರ ಸುಮಾರಿನಲ್ಲಿದ್ದುದರಿಂದ, 785ಕ್ಕೇ ಮುಗಿದುಹೋಗುವ ಚಿತ್ರದಿಂದ ಆಚೆಗೆ ಬಿದ್ದು ಮಾಯವಾಗುತ್ತದೆ. ದೊಡ್ಡ ಪರದೆಯ ಮುಂದೆ ಕುಳಿತು ಪುಟವನ್ನು ರಚಿಸಿದವನಿಗೆ ಇದಾವುದೂ ಕಾಣುವುದಿಲ್ಲವೆಂಬುದೇ ಈ ದೋಷದ ವಿಶೇಷ. ಅವನ ಮೇಜಿನ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಪರಿಹಾರಗಳು ಹಲವು. ಪರದೆ ಬದಲಾದಾಗಲೆಲ್ಲ ಅಂಕಿಗಳನ್ನು ಹೊಸದಾಗಿ ಗುಣಿಸಿ ಬರೆಯುವ ಸಣ್ಣ ಜಾವಾಸ್ಕ್ರಿಪ್ಟ್ ಒಂದನ್ನು ಸೇರಿಸುವವರಿದ್ದಾರೆ. ಹಳೆಯ ಪುಟವನ್ನು ಬೇಗನೆ ರಿಪೇರಿ ಮಾಡಬೇಕಾದಾಗ ಇದು ತಕ್ಕ ಉಪಾಯವೇ; ಆದರೆ ಸ್ಕ್ರಿಪ್ಟ್ ಬಾರದ ಕ್ಷಣದಲ್ಲಿ ಕಾರ್ಕಳವು ಮತ್ತೆ ಬೆಳಗಾವಿಯಾಗುತ್ತದೆ. ಇನ್ನು ಕೆಲವರು ಅಳತೆಯನ್ನು ಶೇಕಡದಲ್ಲಿ ಹೇಳಿ, ಚಿತ್ರದ ಮೇಲೆ ಪಾರದರ್ಶಕ ಲಿಂಕುಗಳನ್ನು ಹಾಸುತ್ತಾರೆ. ಅಂಗಡಿಯ ಕಪಾಟಿನ ಚಿತ್ರಕ್ಕೆ ಇದು ಸಾಕು. ಕೊಡಗಿನ ಗಡಿಯನ್ನು ಚೌಕದಲ್ಲಿ ಕೂರಿಸುವುದೆಂತು?

ಇವೆಲ್ಲಕ್ಕಿಂತ ಸಮರ್ಪಕವಾದುದು ಎಸ್‌ವಿಜಿ ಎಂಬ ರೇಖಾಚಿತ್ರದ ಪದ್ಧತಿ. 2001ರಲ್ಲಿಯೇ ಇದು ವೆಬ್ಬಿನ ಅಂಗೀಕೃತ ಪದ್ಧತಿಯಾಗಿದ್ದಿತು. ಇದರಲ್ಲಿ ‘ವ್ಯೂಬಾಕ್ಸ್’ ಎಂಬ ಚೌಕಟ್ಟನ್ನು 1000, 1570 ಎಂದು ಒಮ್ಮೆ ನಿಗದಿಮಾಡಿದರಾಯಿತು. ಚೌಕಟ್ಟು ಕುಗ್ಗಿದಾಗ ಅದರೊಳಗಿನ ಚಿತ್ರವೂ ಗಡಿಯೂ ಬಾಗಿಲೂ ಒಟ್ಟಾಗಿಯೇ ಕುಗ್ಗುತ್ತವೆ. ಹಳೆಯ ಅಂಕಿಗಳನ್ನು ತಿದ್ದುವ ಶ್ರಮವಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಈ ರೇಖಾಚಿತ್ರವನ್ನು ಸಾಧಾರಣ ಚಿತ್ರದಂತೆ ‘ಐಎಂಜಿ’ ಗುರುತಿನಿಂದ ಪುಟಕ್ಕೆ ತಂದರೆ ಒಳಗಿನ ಲಿಂಕುಗಳು ಸತ್ತುಹೋಗುತ್ತವೆ. ಅದನ್ನು ಪುಟದ ಬರಹದೊಳಗೇ ನೇರವಾಗಿ ಬರೆಯಬೇಕು. ಎಲ್ಲವನ್ನೂ ಸರಿಯಾಗಿ ಮಾಡಿ ಈ ಒಂದರಲ್ಲಿ ಎಡವಿ, ತಲೆಯ ಮೇಲೆ ಕೈಹೊತ್ತು ಕುಳಿತವರು ಅಲ್ಪರಲ್ಲ.

ಗಡಿಗಳು ಸರಿಹೊಂದಿದ ಮೇಲೂ ಬೆರಳಿನ ಪ್ರಶ್ನೆ ಉಳಿಯುತ್ತದೆ. ಮೌಸಿನ ಬಾಣಕ್ಕೆ ಸಿಕ್ಕಿದ ಜಾಗ ಹೆಬ್ಬೆರಳಿಗೆ ಸಿಕ್ಕೀತೆಂಬ ಭರವಸೆಯಿಲ್ಲ. ಒತ್ತುವ ಸ್ಥಳವು ಕನಿಷ್ಠ 24 ಪಿಕ್ಸೆಲ್ ಚೌಕವಾದರೂ ಇರಬೇಕೆಂದು 2023ರ ಅಕ್ಟೋಬರಿನಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಕೆಲವು ವಿನಾಯಿತಿಗಳನ್ನಿಟ್ಟುಕೊಂಡು, ಹೇಳುತ್ತದೆ. ಜಿಲ್ಲೆಗಳ ಮಟ್ಟಿಗೆ ಇದು ಹೇಗೋ ನಡೆದೀತು. ತಾಲ್ಲೂಕುಗಳನ್ನೆಲ್ಲ ಅಂಗೈಯಗಲದ ಪರದೆಯಲ್ಲಿ ತುಂಬಿ, ವಯಸ್ಸಾದವರ ನಡುಗುವ ಬೆರಳಿಗೆ ‘ಆರಿಸಿಕೊಳ್ಳಿ’ ಎನ್ನುವುದು ಉಪಚಾರವೂ ಅಲ್ಲ, ಉಪಕಾರವೂ ಅಲ್ಲ.

ಕಣ್ಣು ಕಾಣದವರ ಪಾಡಂತೂ ಹೇಳುವುದೇ ಬೇಡ. ಅವರು ಪುಟವನ್ನು ಓದುವುದು ಧ್ವನಿಯ ಮೂಲಕ; ಪ್ರತಿ ಬಾಗಿಲಿಗೂ ಹೆಸರು ಬರೆದಿದ್ದರೆ ತಾನೆ ಯಂತ್ರವು ಅದನ್ನು ಉಚ್ಚರಿಸಬಲ್ಲದು? ‘ಕೊಡಗು’ ಎಂಬ ಮೂರು ಅಕ್ಷರ ಬರೆಯಲು ಎಷ್ಟು ಹೊತ್ತು! ಭೂಪಟದ ಕೆಳಗೆ 31 ಜಿಲ್ಲೆಗಳ ಹೆಸರನ್ನೂ ಸಾಲಾಗಿ, ಪ್ರತಿಯೊಂದಕ್ಕೂ ಲಿಂಕು ಸಹಿತ ಬರೆದಿಡುವ ಪುಟಗಳೂ ಇವೆ. ನೋಡುವುದಕ್ಕೆ ಅದು ಅಷ್ಟೇನೂ ಚೆಲುವಲ್ಲ. ಆದರೆ ಸಿಗ್ನಲ್ ಕ್ಷೀಣವಾಗಿ ಚಿತ್ರವೇ ಮೂಡದಿರುವ ಮಲೆನಾಡಿನ ಮಳೆಗಾಲದ ರಾತ್ರಿಯಲ್ಲೂ ಆ ಪಟ್ಟಿ ತೆರೆದುಕೊಳ್ಳುತ್ತದೆ.