ಶಾಲೆಯ ಹಿಂದಿನ ಬೆಟ್ಟಕ್ಕೆ ಮಕ್ಕಳನ್ನು ಬಿಡಿ

ಶಿರಸಿ, ಸಿದ್ದಾಪುರ, ಸಾಗರ, ಸೊರಬ, ತೀರ್ಥಹಳ್ಳಿ ಸೀಮೆಯ ತಂದೆತಾಯಂದಿರಲ್ಲಿ, ಮಾಸ್ತರು-ಅಕ್ಕೋರುಗಳಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಶನಿವಾರ, ಬೆಳಗಿನ ಹೊತ್ತು, ಶಾಲೆಯ ಹಿಂದಿರುವ ಬೆಟ್ಟಕ್ಕೋ ಕಾನಿನ ಅಂಚಿಗೋ ಮಕ್ಕಳನ್ನು ಬಿಡಿ. ಪ್ರವಾಸಕ್ಕಲ್ಲ, ಶ್ರಮದಾನಕ್ಕಲ್ಲ, ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳಲಿಕ್ಕಂತೂ ಅಲ್ಲ. ಆಡಲಿಕ್ಕೆ.

ದಿನವನ್ನು ಹೊಸದಾಗಿ ಹುಡುಕಬೇಕಿಲ್ಲ. ತಿಂಗಳ ಮೂರನೆಯ ಶನಿವಾರ ಬ್ಯಾಗ್ ತರುವಂತಿಲ್ಲ, ಅದು 'ಸಂಭ್ರಮ ಶನಿವಾರ' ಎಂದು ಶಿಕ್ಷಣ ಇಲಾಖೆಯೇ ದಾರಿ ಮಾಡಿಕೊಟ್ಟಿದೆ. ಜಾಗವೂ ಕಾಲಬುಡದಲ್ಲೇ ಇದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದು ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟಗಳು ನಮ್ಮಲ್ಲಿವೆ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದ್ದುಂಟು. ಮಕ್ಕಳನ್ನು ಕಾಡಿಗೆ ಬಿಡುವುದು ಹೊಸ ಮಾತೂ ಅಲ್ಲ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಎಲ್ಲಾ ಫ್ಲಾಟೌ ಎಂಬಾಕೆ ನೆರೆಮನೆಯ ಮಕ್ಕಳನ್ನೂ ಕಟ್ಟಿಕೊಂಡು ಕಾಡಿಗೆ ಹೋಗುತ್ತಿದ್ದುದೇ ಮುಂದೆ ಕಾಡಿನ ಶಿಶುವಿಹಾರವಾಯಿತು. ಜರ್ಮನಿಯಲ್ಲಿ ಇಂದು ಅಂಥವು ಸಾವಿರಕ್ಕೂ ಹೆಚ್ಚಿವೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಮಕ್ಕಳು ದುಡ್ಡು ಕೊಟ್ಟು ನಮ್ಮೂರ ಹೋಮ್‌ಸ್ಟೇಗೆ ಬಂದು ಹಳ್ಳಕ್ಕಿಳಿಯುತ್ತಾರೆ. ಅದೇ ಹೊತ್ತಿಗೆ ನಮ್ಮ ಮಕ್ಕಳು ಶಾಲಾ ವ್ಯಾನಿನ ಕಿಟಕಿಯಿಂದ ಅದೇ ಹಳ್ಳವನ್ನು ನೋಡಿಕೊಂಡು ಪೇಟೆಯ ಟ್ಯೂಷನ್ನಿಗೆ ಹೋಗುತ್ತಿರುತ್ತಾರೆ!

ಆಟದಲ್ಲಿ ಏನು ಕಲಿಯುತ್ತಾರೆ ಎಂದು ಕೇಳುವವರು ಒಮ್ಮೆ ಮಳೆ ಹಿಂದೆಗೆದ ಮೇಲೆ, ಮೊಣಕಾಲು ಮುಳುಗದ ಹಳ್ಳದ ದಂಡೆಯಲ್ಲಿ ಕೂತು ನೋಡಬೇಕು. ನಾಲ್ಕೈದು ಮಕ್ಕಳು ಒಡ್ಡು ಕಟ್ಟಲು ಶುರುಮಾಡುತ್ತಾರೆ. ಮೊದಲು ಕಲ್ಲು ಜೋಡಿಸುತ್ತಾರೆ, ಸಂದಿಯಲ್ಲೆಲ್ಲ ನೀರು ನುಗ್ಗುತ್ತದೆ. ಒಬ್ಬಳು ದರಕು ತಂದು ತುರುಕುತ್ತಾಳೆ, ಅದು ತೇಲಿ ಹೋಗುತ್ತದೆ. ದರಕಿನ ಮೇಲೆ ಜೇಡಿಮಣ್ಣು ಮೆತ್ತಬೇಕೆಂದು ಇನ್ನೊಬ್ಬನಿಗೆ ಹೊಳೆಯುತ್ತದೆ. ಒಡ್ಡು ನಿಂತಿತು ಎನ್ನುವಷ್ಟರಲ್ಲಿ ನೀರು ಪಕ್ಕದ ಮಣ್ಣನ್ನೇ ಕೊರೆದುಕೊಂಡು ಸುತ್ತಿಬರುತ್ತದೆ. ಆಗ ಜಗಳ: ಒಡ್ಡು ಎತ್ತರ ಮಾಡುವುದೋ, ಉದ್ದ ಮಾಡುವುದೋ? ಕೊನೆಗೆ ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗ ಮಧ್ಯದ ಒಂದು ಕಲ್ಲನ್ನು ಕಿತ್ತು ನೀರಿಗೆ ದಾರಿ ಬಿಡುತ್ತಾನೆ, ಒಡ್ಡು ಉಳಿಯುತ್ತದೆ. ಲಿಂಗನಮಕ್ಕಿಯ ಗೇಟುಗಳು ಯಾಕಿವೆ ಎಂದು ಆ ಹುಡುಗನಿಗೆ ಬೇರೆ ಪಾಠ ಬೇಡ. ನೀರಿನ ಒತ್ತಡ, ಸವಕಳಿ, ನಾಲ್ವರ ಮಾತು ಕೇಳಿ ಒಂದು ತೀರ್ಮಾನಕ್ಕೆ ಬರುವುದು, ಕಟ್ಟಿದ್ದು ಕೊಚ್ಚಿಹೋದರೆ ಅಳದೆ ಮತ್ತೆ ಕಲ್ಲು ಹೊರುವುದು, ಇಷ್ಟನ್ನೂ ಬೋರ್ಡಿನ ಮೇಲೆ ಬರೆದು ಕಲಿಸಲು ಒಂದು ವರ್ಷ ಸಾಲದು.

ಇನ್ನು ಚಗಳಿ ಗೂಡು. ಚಟ್ನಿಯಲ್ಲಿ ಚಗಳಿಯ ಹುಳಿ ಕಂಡವರು ನಮ್ಮಲ್ಲಿ ಬಹಳ ಜನ. ಅದು ಗೂಡು ಹೊಲಿಯುವುದನ್ನು ನಿಂತು ನೋಡಿದವರು ಕಮ್ಮಿ. ಕೆಂಪಿರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಬೇರೆ ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಅವು ಬಿಡುವ ನೂಲಿನಿಂದ ಅಂಚುಗಳನ್ನು ಅಂಟಿಸುತ್ತವೆ. ಹತ್ತಿರ ಹೋದ ಮಗುವಿಗೆ ಒಂದೆರಡು ಕಚ್ಚುವುದೂ ಖಂಡಿತ. ಕಚ್ಚಲಿ ಬಿಡಿ.

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇನೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30 ಮಂದಿ, ಉಳಿದ ಶಾಲೆಗಳಲ್ಲಿ ಸುಮಾರು 40. ಫಿನ್ಲೆಂಡಿನಲ್ಲಿ ಶಿಶುಪಾಲನಾ ಕೇಂದ್ರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಪಾಚಿ, ಗಿಡಗಳನ್ನೇ ತಂದು ಹಾಸಿ 28 ದಿನ ಆಡಲು ಬಿಟ್ಟಾಗ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಗುರುತುಗಳೂ ಒಳ್ಳೆಯ ಕಡೆಗೆ ತಿರುಗಿದವು. ಅವರು ಲಾರಿಯಲ್ಲಿ ತರಿಸಬೇಕಾದದ್ದು ನಮಗೆ ಶಾಲೆಯ ಪಾಗಾರದ ಆಚೆಗಿದೆ.

ಹೆದರಿಕೆ ಇದೆ, ನನಗೆ ಗೊತ್ತು. ಅದು ಸುಮ್ಮನೆ ಹುಟ್ಟಿದ ಹೆದರಿಕೆಯೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಸಾಗರದ ಅರಳಗೋಡು ಭಾಗದ ಸಾವುಗಳನ್ನು ಮರೆಯಲಾದೀತೆ? ಆದರೆ ಈ ಕಾಯಿಲೆಗೂ ಒಂದು ಕಾಲವಿದೆ. ಅದನ್ನು ಹರಡುವ ಮರಿ ಉಣುಗುಗಳ ಕಾಟ ಒಣಹವೆಯ ತಿಂಗಳುಗಳಲ್ಲಿ ಜೋರು, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಕಾಡಿಗೆ ಕಾಲಿಡುವುದೇ ಬೇಡ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಯಾವ ತಿಂಗಳಾದರೂ ಬೇಡ. ಆರೋಗ್ಯ ಕೇಂದ್ರಕ್ಕೆ ತಿಳಿಸಿ ಸುಮ್ಮನಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳ ತುಂಬಿರುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಆಗ ಅಂಗಳದ ಕೆಸರೇ ಸಾಕು. ಉಳಿಯುವುದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ನಾನು ಕೇಳುತ್ತಿರುವುದು ವರ್ಷಕ್ಕೆ ಈ ಮೂರು ಶನಿವಾರಗಳನ್ನು, ಅಷ್ಟೇ.

ಉಂಬಳ ಹತ್ತಿದರೆ ಸುಣ್ಣವೋ ಉಪ್ಪೋ ಸಾಕು. ಅದರಿಂದ ಮಲೆನಾಡಿನ ಯಾವ ಮಗುವೂ ಹಾಳಾಗಿಲ್ಲ. ಹಾವಿನ ಮಾತು ಬೇರೆ. ಕಾಲಿಗೆ ಬೂಟು ಇರಲಿ, ಪೊಟರೆಗೂ ಕಲ್ಲಿನಡಿಗೂ ಕೈ ಹಾಕಕೂಡದು, ದೊಡ್ಡವರೊಬ್ಬರು ಕೋಲು ಬಡಿಯುತ್ತ ಮುಂದೆ ನಡೆಯಲಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷ ಇಳಿಸುವ ಚುಚ್ಚುಮದ್ದು ಇದೆ ಎಂದು ಹೊರಡುವ ಮುಂಚೆಯೇ ಕೇಳಿಟ್ಟುಕೊಂಡು, ಒಂದು ಜೀಪನ್ನು ಶಾಲೆಯ ಹತ್ತಿರ ನಿಲ್ಲಿಸಿಕೊಳ್ಳಿ. ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿ ಇಲ್ಲದೆ ಹೋಗಬಾರದು. ಆನೆ ಓಡಾಡುವ ಸಕಲೇಶಪುರ, ಆಲೂರು, ಕೊಡಗಿನ ಊರುಗಳವರಿಗೆ ಈ ಮನವಿಯನ್ನು ಹೀಗೇ ಹೇಳುವ ಧೈರ್ಯ ನನಗಿಲ್ಲ; ಅಲ್ಲಿನ ಲೆಕ್ಕ ಬೇರೆ.

ಆದರೆ ಕಾಡಿನ ಗುರುತೇ ಇಲ್ಲದೆ ಕಾಡಿನ ನಡುವೆ ಬೆಳೆಯುವ ಮಗುವಿನ ಅಪಾಯವನ್ನೂ ಯೋಚಿಸಿ. ಹೊಲಗೇರಿನ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಕಾಸರಕದ ಕಿತ್ತಳೆ ಬಣ್ಣದ ಹಣ್ಣು ನೋಡಲು ಚೆಂದ, ಬೀಜ ವಿಷ. ಗುಲಗಂಜಿಯೂ ಹಾಗೆಯೇ, ಜಗಿದರೆ ಕೇಡು. ನೆಕ್ಕರಿಕದ ಹಣ್ಣಾದರೆ ತಿಂದವರ ನಾಲಿಗೆಗೆ ಬಣ್ಣ ಹಿಡಿಸುವುದಷ್ಟೇ. ಯಾವುದು ಯಾವುದೆಂದು ಹೇಳಿಕೊಡಲು ಬೇರೆ ತಜ್ಞರು ಬೇಕಾಗಿಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಬೀಜಕ್ಕೆ ತಕ್ಕ ತಾಯಿಮರವನ್ನು ಗುರುತಿಸುವುದರಲ್ಲಿ ಅವರದು ಎತ್ತಿದ ಕೈ ಎಂದು ಅರಣ್ಯ ಇಲಾಖೆಯೇ ಒಪ್ಪಿತ್ತು, ಸರ್ಕಾರ ಪದ್ಮಶ್ರೀ ಕೊಟ್ಟಿತು. ಅಂಥ ಕಣ್ಣುಳ್ಳ ಅಜ್ಜ-ಅಜ್ಜಿಯರು ನಿಮ್ಮ ಕೇರಿಯಲ್ಲೂ ಇದ್ದಾರೆ. ಕರೆಯಿರಿ. ಅವರ ಅರ್ಧ ದಿನದ ಸಂಬಳವನ್ನು ಎಸ್‌ಡಿಎಂಸಿ ಕೈಯಿಂದಲೇ ಕೊಡಿ. ಪುಕ್ಕಟೆ ದುಡಿಸಿಕೊಂಡು ಶಾಲು ಹೊದೆಸಿ ಕಳಿಸಬೇಡಿ. ಅವರು ತೋರಿಸದ ಹಣ್ಣನ್ನು ಯಾರೂ ಬಾಯಿಗಿಡಬಾರದು ಎಂಬುದೊಂದು ಕಟ್ಟಳೆ ಇರಲಿ.

ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಇದೆಯಲ್ಲ ಎನ್ನಬಹುದು. ಅದೂ ಬೇಕು. ಆದರೆ ದೂರದ ಕಾಡನ್ನು ನೋಡಿಬರುವುದು ಬೇರೆ, ಮನೆಯ ಹತ್ತಿರದ ಅದೇ ಮರ, ಅದೇ ಹಳ್ಳಕ್ಕೆ ಮತ್ತೆ ಮತ್ತೆ ಹೋಗುವುದು ಬೇರೆ. ಕಳೆದ ತಿಂಗಳು ಕಟ್ಟಿದ ಒಡ್ಡು ಏನಾಯಿತು, ಚಗಳಿ ಗೂಡು ಯಾಕೆ ಒಣಗಿತು ಎಂಬ ಪ್ರಶ್ನೆಗಳು ಎರಡನೇ ಸಲ ಹೋದವರಿಗೆ ಮಾತ್ರ ಹುಟ್ಟುತ್ತವೆ.

ಮಾಸ್ತರರಲ್ಲಿ, ಅಕ್ಕೋರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ಅಲ್ಲಿ ಪಾಠ ಮಾಡಬೇಡಿ. ಸೀಟಿ ಊದಿ ಸಾಲು ನಿಲ್ಲಿಸಬೇಡಿ. ಎಂಟು ಮಕ್ಕಳಿಗೊಬ್ಬರಂತೆ ದೊಡ್ಡವರು ಸುತ್ತ ಇದ್ದು, ತಲೆ ಎಣಿಸಿಕೊಂಡು ಸುಮ್ಮನೆ ಕೂತರೆ ಸಾಕು. ಸೋಮವಾರ 'ನಾನು ಕಂಡ ಕಾಡು' ಎಂದು ಪ್ರಬಂಧ ಬರೆಸಿದಿರೋ, ಮುಂದಿನ ತಿಂಗಳು ಅರ್ಧ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ. ಏಕೋಪಾಧ್ಯಾಯ ಶಾಲೆಗಳಲ್ಲಿ ಇಷ್ಟು ಜನ ಎಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೇ ತಂದೆತಾಯಂದಿರನ್ನು ಕೇಳುತ್ತಿರುವುದು. ಮೂರರಲ್ಲಿ ಒಂದು ಶನಿವಾರ ನಿಮ್ಮದು. ಅಪ್ಪಂದಿರೂ ಬನ್ನಿ, ಅಮ್ಮಂದಿರ ಮೇಲೆ ಹಾಕಿ ಜಾರಿಕೊಳ್ಳಬೇಡಿ.

ಆಗಸ್ಟಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಿ. ಯಾವ ಜಾಗ, ಯಾರು ಜೊತೆಗೆ, ಯಾರ ಜೀಪು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಬೆಟ್ಟದ ಒಡೆಯರು ಹಿಂದಿನ ದಿನವೇ ಒಂದು ಸುತ್ತು ಹೋಗಿಬನ್ನಿ: ಯಾರಾದರೂ ಹಂದಿಗೆಂದು ಉರುಳು ಕಟ್ಟಿದ್ದರೆ ಬಿಚ್ಚಿಸಿ, ಕರೆಂಟ್ ಬೇಲಿಯಿದ್ದರೆ ಸ್ವಿಚ್ ತೆಗೆಯಿರಿ, ಆ ಬೆಳಿಗ್ಗೆ ತೋಟಕ್ಕೆ ಮದ್ದು ಹೊಡೆಯುವ ಕೆಲಸ ಇಟ್ಟುಕೊಳ್ಳಬೇಡಿ. ದಣಪೆಯನ್ನು ಎಂಟು ಗಂಟೆಗೇ ತೆಗೆದಿಡಿ.